ಹಸಿರು ಬದನೆಕಾಯಿ



ಈ ಕೋಣೆಯೊಳಗೆ ಬರುವ ಮುಂಚೆ ಕಾರ್ಯಕ್ರಮದ ಅಧಿಕಾರಿಗಳು ನನ್ನ ಫೋನ್ ಇಸಿದುಕೊಂಡು ಹೊರಗಿನ ಮೇಜಿನ ಮೇಲೆ ಇಟ್ಟರು. ಧ್ವನಿಮುದ್ರಣ ಮುಗಿಯುವವರೆಗೆ ಅದು ಬಾಯಿ ಮುಚ್ಚಿಕೊಂಡಿರಬೇಕಂತೆ. "ಹದಿನೈದು ನಿಮಿಷ ತಾನೇ" ಅಂದರು. ಅವರ ಮಕ್ಕಳು ದೊಡ್ಡವರಾಗಿರಬೇಕು. ಮೂರೂವರೆ ವರ್ಷದ ಮಗನನ್ನು ಪ್ಲೇಹೋಮಿಗೆ ಬಿಟ್ಟು ಬಂದವನಿಗೆ ಫೋನಿಲ್ಲದ ಹದಿನೈದು ನಿಮಿಷ ಎಷ್ಟು ಉದ್ದ ಅಂತ ಗೊತ್ತಿದ್ದರೆ ಅಷ್ಟು ಸಲೀಸಾಗಿ ಹೇಳುತ್ತಿರಲಿಲ್ಲ. ಇರಲಿ. ಗಾಜಿನ ಆಚೆಯಿಂದ ಕೈ ಬೀಸಿದ್ದಾರೆ, ಶುರು ಮಾಡುತ್ತೇನೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುವವನು. ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ. ಮನೆ ಯಶವಂತಪುರದ ಹತ್ತಿರ, ಮೂರನೇ ಮಹಡಿ. ಹೆಂಡತಿ ಬ್ಯಾಂಕಿನಲ್ಲಿದ್ದಾಳೆ. ಕಳೆದ ವರ್ಷ ಜೂನ್ ತಿಂಗಳಲ್ಲಿ ಅವಳಿಗೆ ತುಮಕೂರಿಗೆ ವರ್ಗವಾಯಿತು. ಸುಮಾರು 70 ಕಿಲೋಮೀಟರ್. ಮನೆ ಬದಲಾಯಿಸುವಷ್ಟು ದೂರವಲ್ಲ, ಮನೆಗೆ ಬಂದು ಊಟ ಮಾಡಿ ಹೋಗುವಷ್ಟು ಹತ್ತಿರವೂ ಅಲ್ಲ. ಬೆಳಿಗ್ಗೆ ಏಳಕ್ಕೆ ಮುಂಚೆ ಹೊರಟು ರೈಲು ಹಿಡಿದರೆ ಮತ್ತೆ ಮುಖ ಕಾಣುವುದು ಸಂಜೆ ಏಳೂವರೆಗೆ. ದಿನಾ ಓಡಾಡುವವರದೇ ಒಂದು ಬೋಗಿ ಬಳಗವಿದೆ. ಅವರೆಕಾಯಿ ಕಾಲದಲ್ಲಿ ಒಬ್ಬೊಬ್ಬರು ಒಂದೊಂದು ಚೀಲ ತಂದು, ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಸುಲಿಯಲು ಶುರು ಮಾಡಿದರೆ ಚಿಕ್ಕಬಾಣಾವರ ಬರುವ ಹೊತ್ತಿಗೆ ಎಲ್ಲರ ಡಬ್ಬಿಯಲ್ಲೂ ಮಾರನೆಯ ದಿನದ ಸಾರಿಗೆ ಬೇಕಾದಷ್ಟು ಕಾಳು. ನಮ್ಮ ಮನೆಯ ಅವರೆಕಾಳು ಉಪ್ಪಿಟ್ಟಿನ ಹಿಂದೆ ಎಷ್ಟು ಜನ ಗುಮಾಸ್ತರ, ಮೇಷ್ಟರ, ನರ್ಸಮ್ಮಂದಿರ ಬೆರಳಿದೆಯೋ ನನಗೆ ತಿಳಿಯದು.

ಆ ಜೂನ್‌ವರೆಗೆ ನನಗೆ ಬೀದಿಯಲ್ಲಿ ಒಳ್ಳೆಯ ಹೆಸರಿತ್ತು. ಹೆಂಡತಿಗೆ ತುಂಬಾ ಸಹಾಯ ಮಾಡುವ ಗಂಡ ಅಂತ. ಮಗುವಿನ ಸ್ನಾನ, ಸಂಜೆಯ ಪಾರ್ಕು, ಭಾನುವಾರದ ಉಗುರು ಕತ್ತರಿಸುವುದು, ಇವಿಷ್ಟನ್ನು ಮಾಡಿ ಆ ಹೆಸರು ಸಂಪಾದಿಸಿದ್ದೆ. ಸಹಾಯ ಅನ್ನುವ ಮಾತು ಬಹಳ ಅನುಕೂಲದ್ದು. ಕೆಲಸ ಇನ್ನೊಬ್ಬರದು ಅಂತ ಮೊದಲೇ ತೀರ್ಮಾನ ಮಾಡಿಟ್ಟುಬಿಡುತ್ತದೆ. ವರ್ಗವಾದ ಮೇಲೆ ಬೆಳಗಿನ ಪಾಳಿ ಪೂರ್ತಿ ನನ್ನದಾಯಿತು. ಸಹಾಯ ಮಾಡಲು ಯಾರೂ ಇರಲಿಲ್ಲ.

ಒಂದು ಬೆಳಗನ್ನು ಹೇಳುತ್ತೇನೆ. ಸಮಯ ಎಂಟು ನಲವತ್ತೊಂದು. ನನ್ನ ಒಂದು ಕೈಯಲ್ಲಿ ನನ್ನ ಬ್ಯಾಗು, ಇನ್ನೊಂದರಲ್ಲಿ ಮಗನ ಬ್ಯಾಗು, ಹಲ್ಲಿನ ಸಂದಿಯಲ್ಲಿ ಸ್ಕೂಟರಿನ ಕೀ. ಲಿಫ್ಟ್ ಬಂತು. ಒಳಗೆ ಹೋದೆವು. ಮೊಣಕೈಯಿಂದ ಸೊನ್ನೆಯ ಗುಂಡಿ ಒತ್ತಿದೆ. ಅಷ್ಟೇ ನಾನು ಮಾಡಿದ ಅಪರಾಧ. ಅವನು ಒತ್ತಬೇಕಿತ್ತು. "ನಾನೇ! ನಾನೇ!" ಅಂತ ಲಿಫ್ಟಿನ ನೆಲದ ಮೇಲೆ ಮಲಗಿಬಿಟ್ಟ. ಎರಡೂವರೆ ವರ್ಷಕ್ಕೆ ಅವನ ಬಾಯಿಗೆ 'ನಾನೇ' ಬಂತು. 'ನಾನು' ಬಂದಾಗ ಮನೆಯಲ್ಲಿ ಪಾಯಸ ಮಾಡಿದ್ದೆವು. ಅದಕ್ಕೊಂದು ಏಕಾರ ಅಂಟಿಕೊಂಡ ದಿನದಿಂದ ಚಪ್ಪಲಿ ಹಾಕಿಕೊಳ್ಳುವುದು ನಾನೇ, ಹಾಲು ಬಗ್ಗಿಸಿಕೊಳ್ಳುವುದು ನಾನೇ, ಅಂಗಿಯ ಗುಂಡಿ ನಾನೇ. ಒಂದೊಂದು ನಾನೇಗೂ ನಾಲ್ಕು ನಿಮಿಷ.

ಲಿಫ್ಟ್ ಕೆಳಗೆ ತಲುಪಿತು. ಬಾಗಿಲು ತೆರೆಯಿತು. ಅವನು ಏಳಲಿಲ್ಲ. ಎದುರಿಗೆ ಹಾಲಿನ ಪ್ಯಾಕೆಟ್ ಹಿಡಿದು ನಿಂತ ಎರಡನೇ ಮಹಡಿಯ ಅಜ್ಜಿ ನೆಲದ ಮೇಲಿನವನನ್ನು ನೋಡಿದರು, ನನ್ನನ್ನು ನೋಡಿದರು. "ಗುಂಡಿ ಒತ್ತಿದ್ರಾ?" ಅಂದರು. ಅನುಭವ! ಮತ್ತೆ ಮೂರನೇ ಮಹಡಿಗೆ ಹೋದೆವು. ಮೂವರೂ ಲಿಫ್ಟಿನಿಂದ ಹೊರಗೆ ಬಂದೆವು. ಬಾಗಿಲು ಮುಚ್ಚಿಕೊಂಡಿತು. ಅವನು ಕರೆಯುವ ಗುಂಡಿ ಒತ್ತಿದ, ಬಾಗಿಲು ತೆರೆಯಿತು, ಒಳಗೆ ಹೋಗಿ ತುದಿಗಾಲಲ್ಲಿ ನಿಂತು ಸೊನ್ನೆ ಒತ್ತಿದ, ಗಂಭೀರವಾಗಿ ಇಳಿದ. ಎಂಟು ನಲವತ್ತೇಳು. ಪಾಪ, ಆ ಅಜ್ಜಿಯ ಹಾಲು ಇನ್ನೂ ಕೈಯಲ್ಲೇ ಇತ್ತು.

ಆ ಆರು ನಿಮಿಷವನ್ನು ನಾನು ಕಾರ್ಖಾನೆಯ ಬೆರಳಚ್ಚು ಯಂತ್ರಕ್ಕೆ ಒಪ್ಪಿಸಬೇಕು. ಒಂಬತ್ತೂವರೆಗೆ ಹಾಜರಿ, ಹತ್ತು ನಿಮಿಷ ರಿಯಾಯಿತಿ, ಅದು ದಾಟಿದರೆ ತಡ. ಮೂರು ತಡ ಸೇರಿದರೆ ಅರ್ಧ ದಿನದ ಸಂಬಳ ಕಡಿತ. ಹಾಜರಿ ಪಟ್ಟಿ ನೋಡಿ ಸಂಬಳ ಕಡಿಯುವವನು ನಾನೇ. ಹೋದ ತಿಂಗಳು ನನ್ನ ಸಂಬಳದಲ್ಲಿ ಒಂದೂವರೆ ದಿನ ನಾನೇ ಕಡಿದೆ. ನೋಡಿ, ನನ್ನ ಬಾಯಲ್ಲೂ ಆ ಏಕಾರ ಬಂದುಬಿಟ್ಟಿತು.

ಹೊಗಳಿಕೆ ಮಾತ್ರ ಕಡಿಮೆಯಾಗಿಲ್ಲ. ಪ್ಲೇಹೋಮಿನ ಗೇಟಿನಲ್ಲಿ, ಪಾರ್ಕಿನಲ್ಲಿ, ತರಕಾರಿ ಗಾಡಿಯ ಹತ್ತಿರ, "ಎಷ್ಟು ಚೆನ್ನಾಗಿ ನೋಡ್ಕೋತೀರ" ಅನ್ನುತ್ತಾರೆ. ಮೊದಲ ತಿಂಗಳು ಹಿತವಾಗಿತ್ತು. ಅದೇ ಹಾದಿಯಲ್ಲಿ, ಅದೇ ಮಗುವನ್ನು, ಅದೇ ಹೊತ್ತಿಗೆ ನನ್ನ ಹೆಂಡತಿ ವರ್ಷಗಟ್ಟಲೆ ಎತ್ತಿಕೊಂಡು ಓಡಿದ್ದಾಳೆ. ಅವಳಿಗೆ ಸಿಕ್ಕ ಮಾತು, "ಸ್ವೆಟರ್ ಹಾಕ್ಲಿಲ್ವಾ ಮಗೂಗೆ?" ಇದನ್ನು ಅವಳಿಗೆ ಹೇಳಿದಾಗ ನಗಲಿಲ್ಲ. "ಸ್ವೆಟರ್ ಎಲ್ಲಿದೆ ಅಂತ ನಿಮಗೆ ಗೊತ್ತಾ?" ಅಂತ ಕೇಳಿದಳು. ಗೊತ್ತಿರಲಿಲ್ಲ.

ಇಲ್ಲಿಗೆ ನನ್ನ ಮಾತಿನ ಬುಡಕ್ಕೆ ಬಂದೆ. ಮಗುವಿನ ಕೆಲಸ ಅಂದರೆ ಸ್ನಾನ, ಊಟ, ಬಟ್ಟೆ ಅಂದುಕೊಂಡಿದ್ದೆ. ಅವೆಲ್ಲ ಕೈಯ ಕೆಲಸ, ಕಲಿಯಬಹುದು. ಸ್ವೆಟರ್ ಎಲ್ಲಿದೆ, ಬುಧವಾರ ಬಿಳಿ ಶೂ, ನೀಲಿ ಬಾಟಲಿಯ ಮುಚ್ಚಳ ಸೋರುತ್ತದೆ, ಡಯಾಪರ್ ಇನ್ನೆರಡೇ ಉಳಿದಿವೆ, ಪಕ್ಕದ ಬೆಂಚಿನ ಹುಡುಗಿ ಕಚ್ಚುತ್ತಾಳೆ, ಮುಂದಿನ ಲಸಿಕೆ ಯಾವ ತಿಂಗಳು. ಇವು ಎಲ್ಲಿಯೂ ಕಾಣದ ಕೆಲಸ. ಇವನ್ನು ಯಾರೋ ಒಬ್ಬರು ತಲೆಯಲ್ಲಿಟ್ಟುಕೊಂಡು ಓಡಾಡುತ್ತಿರಬೇಕು. ನಮ್ಮ ಮನೆಯಲ್ಲಿ ಆ ತಲೆ ದಿನಾ ಬೆಳಿಗ್ಗೆ ರೈಲು ಹತ್ತಿ ತುಮಕೂರಿಗೆ ಹೋಗಿಬಿಡುತ್ತಿತ್ತು.

ಒಂದು ದಿನ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಪ್ಲೇಹೋಮಿನಿಂದ ಫೋನ್. ಮೈ ಬೆಚ್ಚಗಿದೆ, ಕರೆದುಕೊಂಡು ಹೋಗಿ. ಅರ್ಜಿ ಬರೆದೆ, ಓಡಿದೆ, ತಂದೆ, ಮಲಗಿಸಿದೆ. ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ತೂಕ ಎಷ್ಟು?" ಜ್ವರದ ಔಷಧಿಯನ್ನು ಮಕ್ಕಳಿಗೆ ವಯಸ್ಸಿಗಿಂತ ತೂಕ ನೋಡಿ ಕೊಡುವುದು, ಕಿಲೋಗೆ ಇಷ್ಟು ಮಿಲಿಗ್ರಾಂ ಅಂತ. ಇಪ್ಪತ್ತು ಟನ್ ಉಕ್ಕಿನ ಲೆಕ್ಕವನ್ನು ಕಿಲೋವರೆಗೆ ಹೇಳಬಲ್ಲೆ. ನನ್ನ ಮಗನ ತೂಕ ಗೊತ್ತಿರಲಿಲ್ಲ. "ಹದಿನೈದು ಇರಬಹುದು" ಅಂದೆ. "ಇರಬಹುದು ಅಂದ್ರೆ ಹೇಗ್ರೀ" ಅಂದರು. ಎರಡನೇ ಪ್ರಶ್ನೆ, "ಯಾವ ಬಾಟಲಿ ಇದೆ? ಐದು ಎಂ.ಎಲ್.ಗೆ 125ರದ್ದೋ, 250ರದ್ದೋ?" ಕಪಾಟಿನಲ್ಲಿ ಎರಡೂ ಇದ್ದವು. ಎರಡೂ ಒಂದೇ ಬಣ್ಣ, ಒಂದೇ ವಾಸನೆ, ಒಂದರಲ್ಲಿ ಔಷಧಿ ಇನ್ನೊಂದರ ಎರಡರಷ್ಟು. ಅಕ್ಷರ ಇರುವೆ ಸಾಲಿನ ಹಾಗೆ.

ಹೆಂಡತಿ ಕೌಂಟರಿನಲ್ಲಿದ್ದಳು, ಫೋನ್ ಎತ್ತಲಿಲ್ಲ. ಎರಡು ನಿಮಿಷಕ್ಕೆ ಸಂದೇಶ ಬಂತು. "13 ಕಿಲೋ 400. 250ರದ್ದು ತೆರೆದು ಬಹಳ ದಿನ ಆಯ್ತು, ಬಿಸಾಕಿ. ಸಣ್ಣದು ಹೊಸದು. ಎಷ್ಟು ಕೊಡೋದು ಅಂತ ಡಾಕ್ಟರನ್ನೇ ಕೇಳಿ. ಅಳತೆ ಪಿಚಕಾರಿ ಚಮಚದ ಡಬ್ಬದಲ್ಲಿದೆ." ಹಣ ಕಟ್ಟಲು, ಚೆಕ್ ಹಾಕಲು ಎದುರಿಗೆ ಸಾಲುಗಟ್ಟಿ ನಿಂತ ಗಿರಾಕಿಗಳ ನಡುವೆ ಆ ನಾನ್ನೂರು ಗ್ರಾಂ ಕೂಡ ಅವಳ ತಲೆಯಲ್ಲಿತ್ತು.

ಕೇಂದ್ರ ಸರ್ಕಾರ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಒಂದು ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕಿದ ಹೆಂಗಸರು ದಿನಕ್ಕೆ ಅದರಲ್ಲಿ ಕಳೆದದ್ದು 299 ನಿಮಿಷ. ಗಂಡಸರು 97. ಅದೂ ಕೈ ಹಾಕಿದ ಗಂಡಸರ ಲೆಕ್ಕ, ಅವರಿದ್ದದ್ದೇ ನೂರಕ್ಕೆ 26 ಮಂದಿ. ಲೆಕ್ಕದವನಾದ್ದರಿಂದ ಇಂಥ ಪಟ್ಟಿ ಕಂಡರೆ ನನಗೆ ಕಾಲಂಗಳ ಮೇಲೆ ಕಣ್ಣು. ಅಡುಗೆಗೊಂದು ಕಾಲಂ, ಬಟ್ಟೆಗೊಂದು, ಗುಡಿಸುವುದಕ್ಕೊಂದು. ಕೈ ಆಡಿದರೆ ನಿಮಿಷ ಓಡುತ್ತದೆ. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು "ಲಸಿಕೆಯ ಕಾರ್ಡು ಎಲ್ಲಿಟ್ಟೆ" ಅಂತ ಯೋಚಿಸುವುದು ಯಾವ ಕಾಲಂಗೆ ಸೇರುತ್ತದೋ ಕಾಣೆ. ಪ್ರಯಾಣ ಅಂತಲೇ ಬರೆದುಕೊಂಡಿರುತ್ತಾರೆ.

ಕಾನೂನಿನ ಮಾತನ್ನೂ ಒಂಚೂರು ಆಡಿಬಿಡುತ್ತೇನೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ತಾಯಿಗೆ 12 ವಾರ ರಜೆ ಇತ್ತು. 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ 26 ವಾರವಾಯಿತು. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತಲೂ ಸೇರಿತು. ಒಳ್ಳೆಯ ಕಾನೂನು. ನಮ್ಮ ಕಾರ್ಖಾನೆಯಲ್ಲಿ ನಾವು ನಲವತ್ತೆಂಟು ಜನ. ಎಷ್ಟೋ ವರ್ಷದಿಂದ ನಲವತ್ತೆಂಟೇ. ಆರ್ಡರು ಹೆಚ್ಚಾದರೂ ನಲವತ್ತೆಂಟು, ಕಡಿಮೆಯಾದರೂ ನಲವತ್ತೆಂಟು. ಇದರ ಮೇಲೆ ನಾನು ಹೆಚ್ಚು ಮಾತಾಡುವುದಿಲ್ಲ, ನಾಳೆ ಒಂಬತ್ತೂವರೆಗೆ ಅಲ್ಲಿಗೇ ಹೋಗಬೇಕು. ಅಪ್ಪಂದಿರ ವಿಚಾರಕ್ಕೆ ಬಂದರೆ ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿಯವರಿಗೆ ಮಾಲೀಕರ ಮನಸ್ಸೇ ಕಾನೂನು. ನನಗೆ ಸಿಕ್ಕಿದ್ದು ಮೂರು ದಿನ, ಜೊತೆಗೊಂದು ಪ್ರಶ್ನೆ, "ಅಲ್ಲಿ ನಿಮಗೇನ್ರೀ ಕೆಲಸ?"

ಅವತ್ತು ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ ಅನ್ನಿ.

ಈಗ ಮನೆಯಲ್ಲಿ ಇನ್ನೊಂದು ಲೆಕ್ಕ ನಡೆಯುತ್ತಿದೆ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಮಗುವಿಗೆ ಆರು ವರ್ಷ ತುಂಬಿರಬೇಕು ಅನ್ನುವುದು ರಾಜ್ಯದ ನಿಯಮ. 2025-26ರ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರು. ನಮ್ಮವನು ಜುಲೈನವನು. ಪಾರ್ಕಿನಲ್ಲಿ ಹೇಳಿದರೆ ಎಲ್ಲರೂ ತುಟಿ ಲೊಚಗುಟ್ಟುತ್ತಾರೆ. ಹಿಂದೆಲ್ಲ ಮಗುವಿನ ನಕ್ಷತ್ರ ಕೇಳಿ ಹೀಗೆ ಮುಖ ಮಾಡುತ್ತಿದ್ದರಂತೆ. ಈಗ ಮೂಲಾ, ಆಶ್ಲೇಷಾ ಯಾರಿಗೂ ಬೇಡ, ಜುಲೈ ಒಂದೇ ಸಾಕು.

ಪ್ಲೇಹೋಮಿನವರದ್ದೊಂದು ವಾಟ್ಸ್ಆ್ಯಪ್ ಗುಂಪಿದೆ. ವರ್ಗದ ಮಾರನೆಯ ದಿನ ಹೆಂಡತಿಯ ನಂಬರಿನ ಜೊತೆಗೆ ನನ್ನದನ್ನೂ ಸೇರಿಸಿದರು. ಅಲ್ಲಿ ಪ್ರತಿ ಸಂದೇಶವೂ "ಡಿಯರ್ ಮಮ್ಮೀಸ್" ಅಂತ ಶುರುವಾಗುತ್ತದೆ. ಇಪ್ಪತ್ತಮೂರು ಮಮ್ಮಿಗಳಲ್ಲಿ ನಾನೂ ಒಬ್ಬ. ಮೊದಮೊದಲು ನಾನಿದ್ದೇನೆ ಅಂತ ತೋರಿಸಲು ಗಂಟಲು ಸರಿಮಾಡಿಕೊಂಡ ಹಾಗೆ ಒಂದು ನಮಸ್ಕಾರದ ಚಿತ್ರ ಹಾಕುತ್ತಿದ್ದೆ. ಈಗ ಅಭ್ಯಾಸವಾಗಿದೆ. ನನ್ನನ್ನು ಕರೆದರು ಅಂತಲೇ ಓದಿಕೊಳ್ಳುತ್ತೇನೆ.

ಒಂದು ತಿಂಗಳ 19ನೇ ತಾರೀಕು, ರಾತ್ರಿ ಎಂಟೂ ಐವತ್ತು. ಮಾರನೆಯ ದಿನ 20, ಜಿಎಸ್‌ಟಿ ರಿಟರ್ನಿಗೆ ಕೊನೆಯ ದಿನ, ನಮ್ಮಂಥವರಿಗೆ ತಿಂಗಳ ಶ್ರಾದ್ಧ. ನನ್ನ ತಲೆಯಲ್ಲಿ ತಾಳೆಯಾಗದ ಬಿಲ್ಲುಗಳು. ಆಗ ಗುಂಪಿನಲ್ಲಿ ಸಂದೇಶ. "ಡಿಯರ್ ಮಮ್ಮೀಸ್, ನಾಳೆ ತರಕಾರಿ ದಿನ, ನೆನಪಿದೆ ತಾನೆ?" ನೆನಪೆಲ್ಲಿಂದ ಬರಬೇಕು? ಬೆರಳು ಮೇಲಕ್ಕೆ ಎಳೆಯುತ್ತ ಹೋದರೆ ಹನ್ನೆರಡು ದಿನದ ಹಿಂದೆ ವೇಷಗಳ ಪಟ್ಟಿ. ಚುರುಕಾದ ಮಮ್ಮಿಗಳು ಟೊಮೇಟೊ, ಕ್ಯಾರೆಟ್, ಬಟಾಣಿಯನ್ನು ಆಗಲೇ ಹಂಚಿಕೊಂಡಿದ್ದರು. ಕೊನೆಯಲ್ಲಿ ಉಳಿದಿದ್ದು ನಮ್ಮವನಿಗೆ. ಬದನೆಕಾಯಿ.

ಹೆಂಡತಿಗೆ ಫೋನ್ ಮಾಡಿದೆ. ಅವತ್ತು ಬ್ಯಾಂಕಿನಲ್ಲಿ ಆಡಿಟ್, ಹೊರಟಿದ್ದೇ ತಡ. ರೈಲು ದೊಡ್ಡಬೆಲೆಯ ಹತ್ತಿರ ಸಿಗ್ನಲ್ಲಿಗೆ ನಿಂತಿದೆ ಅಂದಳು. "ಬದನೆಕಾಯಿ" ಅಂದೆ. "ಅಯ್ಯೋ! ನೇರಳೆ ಬಣ್ಣದ ಚಾರ್ಟ್..." ಅನ್ನುವಷ್ಟರಲ್ಲಿ ಸದ್ದು ಕಡಿದುಹೋಯಿತು. ಮಗನನ್ನು ಚಡ್ಡಿಯಲ್ಲೇ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೊರಟೆ. ಪುಸ್ತಕದಂಗಡಿಯವನು ಷಟರನ್ನು ಸೊಂಟದವರೆಗೆ ಎಳೆದಿದ್ದ. ಬಗ್ಗಿ ಕೇಳಿದೆ. "ನೇರಳೆ ಖಾಲಿ ಸಾರ್. ಗಿಣಿಹಸಿರು ಐತೆ, ಹಳದಿ ಐತೆ." ಎರಡೂ ಕೊಂಡೆ. ಹಳದಿ ಯಾಕೆ ಕೊಂಡೆನೋ ಇವತ್ತಿಗೂ ಗೊತ್ತಿಲ್ಲ.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಕಟಪಾಡಿಯವಳು, ಮಲಗಿದ್ದಳು. ಬದನೆಕಾಯಿ ವೇಷಕ್ಕೆ ನೇರಳೆ ಕಾಗದ ಸಿಗಲಿಲ್ಲ ಅಂದೆ. "ನೇರಳೆ ಎಂಥಕ್ಕೆ ಮಾರಾಯಾ? ಗುಳ್ಳ ಹಸಿರೇ ಅಲ್ವಾ?" ಅಂದಳು. ಕೇಳಿ ನನಗೆ ಜೀವ ಬಂತು. ಕಟಪಾಡಿಯ ಪಕ್ಕದ ಮಟ್ಟು ಗ್ರಾಮದ ಗುಳ್ಳ ನೀವೂ ಕಂಡಿರಬಹುದು. ದುಂಡಗೆ, ತಿಳಿಹಸಿರು, ಮೈಮೇಲೆ ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು. ಸೋದೆಯ ವಾದಿರಾಜರು ಕೊಟ್ಟ ಬೀಜ ಅನ್ನುವುದು ಊರಿನ ನಂಬಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ಬಂತು. ಇಷ್ಟು ದಾಖಲೆ ಇರುವ ಬದನೆಕಾಯಿಯನ್ನು ಯಾರು ಅಲ್ಲಗಳೆಯುತ್ತಾರೆ?

ಹಸಿರು ಕಾಗದವನ್ನು ಎರಡು ದುಂಡು ಕತ್ತರಿಸಿದೆ. ಭುಜಕ್ಕೆ ನನ್ನ ಹಳೇ ಐಡಿ ಕಾರ್ಡಿನ ದಾರ. ಸೀಮೆಸುಣ್ಣದಲ್ಲಿ ಬಿಳಿ ಗೀರು. ಟೋಪಿಗೊಂದು ತೊಟ್ಟು. ಮಗ ಎಲ್ಲವನ್ನೂ ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದವನು, "ಮುಳ್ಳು?" ಅಂದ. ರಜೆಯಲ್ಲಿ ಅಜ್ಜಿಯ ಮನೆಯಲ್ಲಿ ಬೆರಳಿಗೆ ಚುಚ್ಚಿಸಿಕೊಂಡಿದ್ದ. ಕಾಗದದ ಚೂಪು ಚೂರುಗಳನ್ನು ಒಂದೊಂದಾಗಿ ಅಂಟಿಸುತ್ತಾ ಹೋದೆ. ಅಂಟಿಸುವುದು ನಾನೇ ಅಂತ ಅವನು, ಬೇಡಪ್ಪಾ ಅಂತ ನಾನು. ಕೊನೆಗೆ ಆರು ಮುಳ್ಳು ನನ್ನವು, ನಾಲ್ಕು ಅವನವು. ಅವನ ನಾಲ್ಕೂ ತಲೆಕೆಳಗಾಗಿದ್ದವು. ಹತ್ತೂವರೆಗೆ ಬಂದ ಹೆಂಡತಿ ಚೀಲ ಇಳಿಸದೆ ಬಾಗಿಲಲ್ಲೇ ನಿಂತು ನೋಡಿದಳು. "ಸೀಬೆಹಣ್ಣು ಚೆನ್ನಾಗಿದೆ" ಅಂದಳು.

ಮಾರನೆಯ ದಿನ ನಾನು ರಿಟರ್ನಿನಲ್ಲಿ ಮುಳುಗಿದ್ದೆ. ಜಾಲತಾಣ ತೆರೆಯುತ್ತಿಲ್ಲ, ಮಾಲೀಕರು ಹಿಂದೆಯೇ ನಿಂತಿದ್ದಾರೆ. ಹನ್ನೆರಡರ ಹೊತ್ತಿಗೆ ಗುಂಪಿನಲ್ಲಿ ಹದಿನಾಲ್ಕು ಸೆಕೆಂಡಿನ ವಿಡಿಯೊ ಬಂತು. ಸದ್ದು ತೆಗೆದು ಮೇಜಿನ ಕೆಳಗೆ ಹಿಡಿದು ನೋಡಿದೆ. ಸಾಲಿನಲ್ಲಿ ಟೊಮೇಟೊ, ಎರಡು ಕ್ಯಾರೆಟ್, ಅಳುತ್ತಿರುವ ಒಂದು ಈರುಳ್ಳಿ, ಕೊನೆಯಲ್ಲಿ ನಮ್ಮವನು. ಮೈಕು ಅವನ ಬಾಯಿಗೆ ಬಂತು. ಏನೋ ಹೇಳಿದ. ಟೀಚರಮ್ಮ ನಕ್ಕು ಬಗ್ಗಿ ಏನೋ ಕೇಳಿದರು. ಅವನು ತಲೆ ಅಡ್ಡಡ್ಡ ಅಲ್ಲಾಡಿಸಿ ಮತ್ತೆ ಏನೋ ಹೇಳಿದ. ಅಲ್ಲಿಗೆ ಹದಿನಾಲ್ಕು ಸೆಕೆಂಡು ಮುಗಿಯಿತು. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಸದ್ದು ಹಾಕಿ ಕೇಳಿದೆ. ಅವನಿಗೆ ಕಲಿಸಿದ್ದ ಇಂಗ್ಲಿಷ್ ಸಾಲು, ಐ ಆ್ಯಮ್ ಬ್ರಿಂಜಾಲ್, ಐ ಆ್ಯಮ್ ಪರ್ಪಲ್. ಇವನು ತನ್ನ ಹೊಟ್ಟೆ ನೋಡಿಕೊಂಡು, "ಐ ಆ್ಯಮ್ ಬ್ರಿಂಜಾಲ್, ಐ ಆ್ಯಮ್ ಗ್ರೀನ್" ಅಂದ. "ಪರ್ಪಲ್ ಅಲ್ವಾ ಪುಟ್ಟಾ?" ಅಂದರು ಅವರು. "ಅಲ್ಲ, ಗುಳ್ಳ" ಅಂದ ಇವನು.

ನಾಲ್ಕು ಸಲ ಕೇಳಿದೆ. ಹೊರಗೆ ಯಾರೋ ಬಾಗಿಲು ತಟ್ಟಿದರು. ಅವತ್ತಿನ ರಿಟರ್ನು ಸಲ್ಲಿಕೆಯಾದದ್ದು ರಾತ್ರಿ ಒಂಬತ್ತಕ್ಕೆ. ವಿಡಿಯೊದ ಹಿಂದೆ ಮುಂದೆ ಏನಾಯಿತು, ಮಕ್ಕಳು ಚಪ್ಪಾಳೆ ತಟ್ಟಿದರೋ ನಕ್ಕರೋ, ಇವನ ಮುಖ ಹೇಗಿತ್ತು, ಅದು ನನಗೆ ಸಿಕ್ಕಿಲ್ಲ. ಅವನನ್ನು ಕೇಳಿದರೆ "ಈರುಳ್ಳಿ ಅತ್ತ" ಅನ್ನುತ್ತಾನೆ, ಅಷ್ಟೇ.

ಈಗ ನಮ್ಮ ಬೀರುವಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೇವೆ. ಮೊದಲ ಹನ್ನೊಂದು ಸಾಲು ಅವಳ ಅಕ್ಷರ. ಕೆಮ್ಮಿದ್ದರೆ ರಾತ್ರಿ ಬಾಳೆಹಣ್ಣು ಬೇಡ, ಹಸಿರು ಚಡ್ಡಿಯ ಲಾಡಿ ಗಂಟಾಗುತ್ತದೆ, ಹೀಗೆ. ಹನ್ನೆರಡರಿಂದ ನನ್ನ ಅಕ್ಷರ. ಲಿಫ್ಟ್ ಗುಂಡಿ ಒತ್ತಬೇಡ. ನೇರಳೆ ಚಾರ್ಟ್ ಎರಡು, ಮಂಚದ ಕೆಳಗೆ. ತೂಕ 14 ಕಿಲೋ 100. ಹೋದ ವಾರ ಹೆಂಡತಿ ರೈಲಿನಿಂದ ಫೋನ್ ಮಾಡಿ, "ಅವನ ಎಡಗಾಲಿನ ಶೂ ನಂಬರ್ ಎಷ್ಟು?" ಅಂತ ಕೇಳಿದಳು. ಎಂಟು ಅಂದೆ, ಥಟ್ಟನೆ. ಆ ಕಡೆ ಒಂದು ಕ್ಷಣ ಮಾತಿರಲಿಲ್ಲ. ನಿಡವಂದದ ಹತ್ತಿರ ಸಿಗ್ನಲ್ ಹೋಗಿರಬೇಕು.

ಗಾಜಿನ ಆಚೆ ಅಧಿಕಾರಿಗಳು ಗಡಿಯಾರ ತೋರಿಸುತ್ತಿದ್ದಾರೆ. ಅವರ ಬೆನ್ನ ಹಿಂದಿನ ಮೇಜಿನ ಮೇಲೆ ನನ್ನ ಫೋನು. ಇವತ್ತು ಬುಧವಾರ. ಬೆಳಿಗ್ಗೆ ಅವನಿಗೆ ಹಾಕಿದ್ದು ಬಿಳಿ ಶೂವೋ ಕಪ್ಪೋ, ಎಷ್ಟು ನೆನೆಸಿಕೊಂಡರೂ ಕಣ್ಣ ಮುಂದೆ ಬರುತ್ತಿಲ್ಲ.